ಹ ಇಲ್ಲದ ಹೊನ್ನಮ್ಮ

ಮೊದಲ ದಿನ ನಾನು ಬರೆದದ್ದು ಒಂದು ಖಾಲಿ ಪೆಟ್ಟಿಗೆ.
ಅಂಗೈ ಅಗಲ, ಒಳಗೆ ಮಿಣುಕುವ ಕಡ್ಡಿ,
ಬೂದು ಬಣ್ಣದಲ್ಲಿ: ರೋಗಿಯ ಹೆಸರು.
ಎರಡಕ್ಷರ ಒತ್ತಿದರೆ ಕೆಳಗೆ ಪಟ್ಟಿ ಬಿಚ್ಚಿಕೊಳ್ಳಬೇಕು
ಚಾಪೆ ಬಿಚ್ಚಿದ ಹಾಗೆ.
ಮಂಡ್ಯದ ಆ ಆಸ್ಪತ್ರೆಯಲ್ಲಿ ಹೆಸರು ಹುಡುಕುವುದಕ್ಕೇ
ಬೆಳಗಿನ ಸಾಲು ಗೇಟು ದಾಟುತ್ತಿತ್ತು.

ಆಮೇಲೆ ಪೆಟ್ಟಿಗೆಗೆ ತಾಳ್ಮೆ ಕಲಿಸಿದೆ.
ಕೀಲಿ ಕೀಲಿಗೂ ಸರ್ವರಿನ ಕದ ಬಡಿಯಬೇಡ,
ಬೆರಳು ನಿಂತ ಮೇಲೆ ಮುನ್ನೂರು ಮಿಲಿಸೆಕೆಂಡು ಕಾದು
ಆಗ ಕೇಳು.
ಆದರೂ ಒಂದು ಎಡವಟ್ಟು:
‘ಚಿ’ಗೆ ಹೋದ ಪ್ರಶ್ನೆ ದಾರಿಯಲ್ಲೆಲ್ಲೋ ಟೀ ಕುಡಿದು,
‘ಚಿಕ್ಕತಾ’ಗೆ ಉತ್ತರ ಬಂದು ಕೂತಾದ ಮೇಲೆ
ತಡವಾಗಿ ಬಂದು, ಅದನ್ನು ಎಬ್ಬಿಸಿ, ತಾನು ಕೂತಿತು.
ಪ್ರಶ್ನೆಗಳಿಗೆಲ್ಲ ಟೋಕನ್ ಕೊಟ್ಟೆ.
ಹಳೇ ಟೋಕನ್ ಹಿಡಿದು ಬಂದವರನ್ನು ಬಾಗಿಲಲ್ಲೇ ತಡೆದೆ.
(ಮನುಷ್ಯರಿಗೂ ಹೀಗೆ ಮಾಡಬಹುದಿತ್ತು.
ಅತ್ತಿಗೆಯ ಒಂದು ಮಾತಿಗೆ ನನ್ನ ಉತ್ತರ
ಈಗಲೂ ಬರುತ್ತಲೇ ಇದೆ, ಹದಿನಾಲ್ಕು ತಿಂಗಳು ತಡವಾಗಿ.)

ಶನಿವಾರ ಕೌಂಟರಿನ ಒಳಗೆ ಸ್ಟೂಲು ಹಾಕಿಸಿಕೊಂಡು ಕೂತೆ,
ಮರಿತಿಬ್ಬಯ್ಯನವರ ಪಕ್ಕ.
ಇಪ್ಪತ್ತಾರು ವರ್ಷ ಲೆಡ್ಜರು, ನಾಲ್ಕು ತಿಂಗಳಿಂದ ಕೀಬೋರ್ಡು,
ಒಂದೇ ತೋರುಬೆರಳು.
‘ಎಸ್ರೇನವ್ವ?’
‘ಒನ್ನಮ್ಮ.’
‘ಊರು?’
‘ಒಳ್ಲು.’
ಕೇಳಿದ್ದನ್ನೇ ಒತ್ತಿದರು: ಒ, ನ್, ನ.
ನನ್ನ ಪೆಟ್ಟಿಗೆ ನಾಚಿಕೆಯಿಲ್ಲದೆ ಹೇಳಿತು:
ಯಾರೂ ಸಿಗಲಿಲ್ಲ.
ಎದುರಿಗೆ ಹೊನ್ನಮ್ಮ ನಿಂತಿದ್ದರು,
ಹೊಳಲಿನವರು, ಸೆರಗಿನ ತುದಿಗೆ ಮಾತ್ರೆ ಕಟ್ಟಿಕೊಂಡು.

ಆ ರಾತ್ರಿ ಹ ಬಿಟ್ಟವರಿಗೆಲ್ಲ ಬಾಗಿಲು ತೆಗೆದೆ.
ಅಲ್ಲೇಗೆರೆ ಅಂದರೆ ಹಲ್ಲೇಗೆರೆ, ಉಲಿವಾನ ಅಂದರೆ ಹುಲಿವಾನ,
ಸಂಕ್ರ ಅಂದರೆ ಶಂಕರ,
ಳ ಲ ಆದರೂ ಸರಿ, ಣ ನ ಆದರೂ ಸರಿ,
ಒತ್ತು ಬರುವ ಮುಂಚೆ ಅರ್ಧಾಕ್ಷರ ಕುಂಟಿಕೊಂಡು ನಿಂತಿದ್ದರೂ
ಬೈಯದೆ ಒಳಗೆ ಕರೆದುಕೊ ಅಂದೆ.
ನಾನೂ ಇಸ್ಕೂಲಲ್ಲಿ ‘ಆಲು’ ಅಂದು
ಬೆಂಚಿನ ಮೇಲೆ ನಿಂತವಳೇ.

ಮತ್ತೆ ಹೋದೆ. ಈಗ ಪಟ್ಟಿ ಸಲೀಸಾಗಿ ಬಿಚ್ಚಿಕೊಂಡಿತು,
ಹೆಚ್ಚು ಸಲ ಬಂದವರು ಮೇಲೆ.
ಮೊದಲ ಹೆಸರಿಗೆ ಆಗಲೇ ನೀಲಿ ಬಳಿದಿದ್ದೆ,
ಎಂಟರ್ ಒತ್ತಿದರೆ ಸಾಕು.
ಮರಿತಿಬ್ಬಯ್ಯ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು.

‘ನೋಡವ್ವ, ನಾನೂ ಇಂಗೇ ಇದ್ದೆ.
ಅವ್ರು ಬಾಯಿ ಬುಡೋ ಮುಂಚೇನೇ ನಾನೇ ಏಳ್ಬುಡ್ತಿದ್ದೆ.
ಒಂಬಾಳಮ್ಮ ಅಲ್ವಾ ಅಂದೆ, ಊಂ ಅಂತ ತಲೆ ಆಡ್ಸುದ್ಲು ಆಯಮ್ಮ.
ಅವ್ಳು ಒನ್ನಾಜಮ್ಮ.
ಬ್ಯಾರೇರ ಚೀಟಿ ಇಡ್ಕಂಡು ಮದ್ಯಾನದ ಗಂಟ ಕುಂತಿದ್ಲು.
ಯಾಕವ್ವ ಊಂ ಅಂದೆ ಅಂದ್ರೆ,
ನೀವು ಓದಿದೋರು, ನಿಮ್ಗೇ ಗೊತ್ತಿರ್ತದೆ ಅಂದ್ಕಂಡೆ, ಅಂದ್ಲು.’

ಕೌಂಟರಿನ ಈಚೆ ಕೂತವರು ಏನು ಹೇಳಿದರೂ
ಆಚೆ ನಿಂತವರು ತಲೆಯಾಡಿಸುತ್ತಾರೆ.
ನೀಲಿ ತೆಗೆದೆ.
ಈಗ ಪಟ್ಟಿ ತೋರಿಸುತ್ತದೆ, ಆರಿಸುವುದಿಲ್ಲ.
ಕೆಳಬಾಣ ಒತ್ತಿ ಬೆರಳು ತಾನಾಗಿ ಇಳಿಯಬೇಕು.
ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ಊರು, ವಯಸ್ಸು,
ಗಂಡನದೋ ತಾಯಿಯದೋ ಹೆಸರು.
ಎಸ್ಕೇಪ್ ಒತ್ತಿದರೆ ಎಲ್ಲ ಮಡಚಿಕೊಂಡು
ಮತ್ತೆ ಅವರು ಹೇಳಿದಷ್ಟೇ ಅಕ್ಷರ.

ಒಂದು ಉಳಿದಿದೆ.
‘ಹು’ ಒತ್ತಿದರೆ ಈಗಲೂ ಮೊದಲು ಬರುವುದು
ಹುಚ್ಚಯ್ಯ, ಹಲ್ಲೇಗೆರೆ, ಅರವತ್ತೊಂದು.
ವಾರಕ್ಕೆರಡು ಸಲ ಡಯಾಲಿಸಿಸ್, ಮೂರು ವರ್ಷ.
ಅಷ್ಟು ಸಲ ಬಂದವರು ಬೇರೆ ಯಾರೂ ಇಲ್ಲ.
ನಿನ್ನೆಯ ಸರದಿಗೆ ಬರಲಿಲ್ಲ, ಮಗಳು ಬಂದು
ಫೈಲು ಕೊಟ್ಟು ಹೋದಳು.
ದಿನ ಕಳೆದ ಹಾಗೆ ಹೆಸರು ಕೆಳಗಿಳಿಯುವ ಲೆಕ್ಕ,
ಎರಡೇ ಸಾಲಿನ ಕೆಲಸ, ಬರೆದಿಟ್ಟಿದ್ದೇನೆ.
‘ಇರ್ಲಿ ಬುಡವ್ವ’ ಅಂದರು ಮರಿತಿಬ್ಬಯ್ಯ,
‘ಆಲುತುಪ್ಪ ಆಗೋಗಂಟ.’

ಇನ್ನೂ ಕಳಿಸಿಲ್ಲ.