ಎಂಟರ್ ಒತ್ತದ ಸಾಲು

ಮಲ್ಲೇಶ್ವರದ ಹದಿನೈದನೇ ಅಡ್ಡರಸ್ತೆ, ನೆಲಮಾಳಿಗೆ.
ಅಲ್ಲೊಂದು ಯಂತ್ರ. ಪರದೆ ಇಲ್ಲ, ಕೀಲಿಮಣೆ ಇಲ್ಲ,
ಹಳೆಯ ಪಹಣಿಗಳ ಚಿತ್ರ ನೋಡಿ ನೋಡಿ
ಹಗಲೂ ರಾತ್ರಿ ಅಕ್ಷರ ಬಿಡಿಸುತ್ತದೆ.
ಬೀಗದ ಕೈ ಮಾದಯ್ಯನ ಹತ್ತಿರ.
ಮಾದಯ್ಯ ಟೀಗೆ ಹೋಗಿದ್ದಾನೆ.

ನಾನು ಮೆಟ್ರೋದಲ್ಲಿ, ಕಂಬಕ್ಕೆ ಒರಗಿ,
ಹೆಬ್ಬೆರಳಲ್ಲಿ ಅದಕ್ಕೆ ಅಪ್ಪಣೆ ಕಳಿಸುತ್ತೇನೆ.
ಒಳಗೆ ಹೋಗುವುದಿಲ್ಲ. ಬಾಗಿಲ ಸಂದಿಯಲ್ಲಿ ಚೀಟಿ ತೂರಿದ ಹಾಗೆ:
ಇಂಥ ಸೆಶನ್ನಿಗೆ ಇಂಥ ಅಕ್ಷರಗಳು, ಕೊನೆಗೊಂದು ಎಂಟರ್.

ಎಂಟರ್ ಮರೆತರೆ ಚೀಟಿ ಹೊಸ್ತಿಲಲ್ಲೇ ಬಿದ್ದಿರುತ್ತದೆ,
ಹೇಳಿದ ಹಾಗೂ ಅಲ್ಲ, ಹೇಳದ ಹಾಗೂ ಅಲ್ಲ.
ಮೊದಲ ವಾರ ಮೂರು ಸಲ ಮರೆತೆ.
"ಪತ್ರ ಬರ್ದು ಡಬ್ಬಿಗೆ ಹಾಕೋದೇ ಬಿಟ್ಟಂಗಾಯ್ತಲ್ಲಪ್ಪ"
ಅಂದಿದ್ದರು ಶಹತಾಜ್ ಮೇಡಂ.
ಸೆಶನ್ನುಗಳಿಗೆ ಹೆಸರಿಟ್ಟವರೂ ಅವರೇ:
ಖಾರಾಬಾತ್, ಕೇಸರಿಬಾತ್,
ಎರಡನ್ನೂ ಕಾಯುವುದಕ್ಕೆ ಚೌಚೌ.

ಮಾರ್ಕೆಟ್ಟಿನ ಮುಂಚೆ ರೈಲು ನೆಲಕ್ಕಿಳಿಯಿತು. ಸಿಗ್ನಲ್ ಹೋಯಿತು.
ಅಲ್ಲಿ ಏನೂ ನಿಲ್ಲಲಿಲ್ಲ.
ನಾನಿಲ್ಲವೆಂದು ಅದಕ್ಕೆ ತಿಳಿಯುವುದೇ ಇಲ್ಲ,
ಹಾಗೆಂದೇ ಅಲ್ಲವೆ ಅದನ್ನು ಕಟ್ಟಿದ್ದು.

ಇವತ್ತಿನ ಕೆಲಸ: ಚೌಚೌ ನಿಲ್ಲಿಸುವುದು. ಡಿಸ್ಕ್ ತುಂಬಿದೆ.
ಸಂಪಿಗೆ ರಸ್ತೆಯಲ್ಲಿ ಇಳಿದು, ಮೆಟ್ಟಿಲ ಮೇಲೆ ಕೂತು
ಒಳಗೆ ಕಾಲಿಡದೆ ಇಣುಕಿದೆ.
ಇನ್ನೂರ ಹನ್ನೊಂದು ದಿನದಿಂದ ಯಾರೂ ನೋಡದ ಪರದೆ.
ಕೊನೆಯ ಸಾಲಿನಲ್ಲಿ, ಎಕೋ ಎಂಬ ಆಜ್ಞೆಯ ಪಕ್ಕ,
ಒತ್ತು ಒಂದು ಕಡೆ, ದೀರ್ಘ ಒಂದು ಕಡೆ ಚೆಲ್ಲಿ
(ಈ ಕಪ್ಪು ಕಿಟಕಿಗೆ ಕನ್ನಡ ಹಿಡಿಸುವುದಿಲ್ಲ)
ಊಟಕ್ಕೆ ಹೋ

ಅಷ್ಟೆ. ಅದರ ಮುಂದೆ ಮಿಣುಕುವ ಕರ್ಸರ್.

ಅವತ್ತು ಮಧ್ಯಾಹ್ನ ಅವರನ್ನು ಮೇಲಿನ ಕೋಣೆಗೆ ಕರೆದರು.
ಅವರು ಕೆಳಗೆ ಬರುವಷ್ಟರಲ್ಲಿ ಐಡಿ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ.
ಟಿಫಿನ್ ಡಬ್ಬಿಯನ್ನು ಮಾದಯ್ಯ ತಂದುಕೊಟ್ಟ.
ಇಮೇಲ್ ಹೋಯಿತು, ಕುರ್ಚಿ ಹೋಯಿತು,
ಈ ಒಂದು ಸಾಲು ಉಳಿಯಿತು.
ಇದೆಯೆಂದು ಎಚ್.ಆರ್.ಗೆ ಗೊತ್ತಿರಲಿಲ್ಲ.
ನಾನು ಆಗ ಊಟಕ್ಕೆ ಹೋಗಿದ್ದೆ. ನಿಜವಾಗಿಯೂ.

ಈಗ ನಾನೇನು ಕಳಿಸಿದರೂ ಅವರ ಮಾತಿನ ಬಾಲಕ್ಕೆ ಅಂಟಿಕೊಳ್ಳುತ್ತದೆ.
ಮೊದಲು ಸಾಲು ಅಳಿಸಬೇಕು, ಅದೇ ಕ್ರಮ.
ಅವರೇ ಕಲಿಸಿದ್ದು.

ಅಳಿಸಲಿಲ್ಲ. ಉಳಿದ ಅಕ್ಷರ ಕಳಿಸಿದೆ:
ಗಿ ಬನ್ನಿ.
ಎಂಟರ್.

ಯಂತ್ರ ಓದಿ ಒಪ್ಪಿಸಿತು, ಒತ್ತು ದೀರ್ಘ ಚೆಲ್ಲಿಕೊಂಡು:
ಊಟಕ್ಕೆ ಹೋಗಿ ಬನ್ನಿ.

ಆಮೇಲೆ ನಿಲ್ಲಿಸುವ ಆಜ್ಞೆ. ಈ ಸಲವೂ
ಎಂಟರ್ ಮರೆತಿದ್ದೆ,
ಮಾದಯ್ಯ ಫೋನ್ ಮಾಡಿ
"ಫ್ಯಾನು ಇನ್ನೂ ತಿರುಗ್ತಾನೇ ಐತೆ ಸಾ" ಅನ್ನುವವರೆಗೂ.