ಎರಡನೆಯ ಸದ್ದು

ಗೋಣಿಕೊಪ್ಪದ ಸಂತೆಯಲ್ಲಿ
ಎಂಬತ್ತು ರೂಪಾಯಿಯ ಕೆಂಪು ಪಿಸ್ತೂಲು.
ಬೇಡ ಅಂದೆ. ಅಳುತ್ತಲೇ ಬಸ್ಸು ಹತ್ತಿದ ಪೂವಣ್ಣ.

ಕೈಲ್‌ಪೊಳ್ದಿನ ಬೆಳಿಗ್ಗೆ
ನೆಲ್ಲಕ್ಕಿ ದೀಪದ ಮುಂದೆ ಅಜ್ಜನ ಜೋಡುನಳಿಗೆ ಕೋವಿ,
ಅದರ ಬಾಯಲ್ಲಿ ತೋಕ್‌ಪೂ.
"ಇದಕ್ಕೆ ಗಂಧ ಹಚ್ಚಿ ಕೈ ಮುಗೀತೀಯ.
ನಂದು ಬರೀ ಪ್ಲಾಸ್ಟಿಕ್ಕು. ಅದ್ಯಾಕೆ ಕೆಟ್ಟದ್ದು?"

ಕಡಂಬುಟ್ಟು ಬೆಂದಿತೇನೋ ಎಂದು ಒಳಗೆ ಹೋದೆ.
ಆಗಲೇ ಇಳಿಸಿಯಾಗಿತ್ತು.

ಇವನು ಹುಟ್ಟಿದಾಗ ಅಂಗಳದಲ್ಲಿ ಒಂದು ಗುಂಡು, ಆಕಾಶಕ್ಕೆ.
ನಾನು ಹುಟ್ಟಿದಾಗ ಯಾರೂ ಹಾರಿಸಲಿಲ್ಲ.
ಮದ್ದು ಒದ್ದೆಯಾಗಿತ್ತು ಮಗಳೇ,
ಎಂದು ಅವ್ವ ಸುಳ್ಳು ಹೇಳುತ್ತಿದ್ದಳು.
ಹೋದ ತಿಂಗಳು ಅಜ್ಜ ಸತ್ತಾಗ ಎರಡು.
ಪೂವಣ್ಣ ಬೆರಳು ಮಡಚಿ ಎಣಿಸಿದ್ದ.

ಸಂಜೆ ಖಾಲಿ ಕಣದಲ್ಲಿ
ಒಣಗಿದ ಕಾಫಿ ಕೊಂಬೆಯೊಂದನ್ನು ಭುಜಕ್ಕೊತ್ತಿ ನಿಂತಿದ್ದಾನೆ.
ಯಾರ ಕಡೆಗೂ ತಿರುಗಿಸಿಲ್ಲ,
ತುದಿ ಮೋಡಕ್ಕಿದೆ.

"ಢಂ!"

"ಯಾರು ಹುಟ್ಟಿದರೋ?"
"ರಾಣಿ ಮರಿ ಹಾಕಿದೆ. ಮೂರೂ ಹೆಣ್ಣು."

ನಕ್ಕೆ.
ನಗುತ್ತಲೇ
ಆ ಕೊಂಬೆ ಕೆಳಗಿಳಿಯುವವರೆಗೂ
ಕಿವಿಗೊಟ್ಟು ನಿಂತೇ ಇದ್ದೆ,
ಕೈಯಲ್ಲಿ ತಣ್ಣಗಾಗುತ್ತಿದ್ದ ಅವನ ಹಾಲು.