ಜುಟ್ಟಿಗೊಂದು ಎಲೆ

ಕೂತುಕೋ, ಇಸೊಮಿನೆ. ಕತ್ತು ನೆಟ್ಟಗಿರಲಿ.
ಹೋಟೆಲಿನ ಈ ಕುರ್ಚಿ ನಿನಗೆ ಸಾಲದು, ನೆಲದಲ್ಲೇ ಕೂರು,
ಹದಿನೇಳು ವರ್ಷ ಕೂತ ಹಾಗೆ, ನನಗೆ ಬೆನ್ನು ಕೊಟ್ಟು.
ಕೆಳಗೆ ಹಾಲಿನಲ್ಲಿ ಮೈಕು ಪರೀಕ್ಷಿಸುತ್ತಿದ್ದಾರೆ.
ಇನ್ನೂ ಒಂದೂವರೆ ಗಂಟೆ ಇದೆ.

ಮೊದಲು ಬಿಸಿನೀರು. ನಿನ್ನದು ಹುಟ್ಟಾ ಸುರುಳಿಗೂದಲು,
ಬುಡ ಹಿಡಿದು ತಿಕ್ಕದಿದ್ದರೆ ಮಧ್ಯಾಹ್ನಕ್ಕೆಲ್ಲ ಮತ್ತೆ ಡೊಂಕು,
ನಾಯಿಬಾಲದ ಜಾತಿ.

ಆಮೇಲೆ ಎಣ್ಣೆ. ಹೆಸರಿಗೆ ಎಣ್ಣೆ, ಮುಟ್ಟಿದರೆ ಮೇಣ,
ಫೆಬ್ರುವರಿಯಲ್ಲಂತೂ ಕಲ್ಲು.
ಅಂಗೈ ನಡುವೆ ಇಟ್ಟು ಉಜ್ಜುತ್ತೇನೆ, ಉಜ್ಜುತ್ತಲೇ ಇರುತ್ತೇನೆ
ಅದು ಸೋಲುವ ತನಕ.
ಸೋತ ಮೇಲೇ ಅದಕ್ಕೆ ಪರಿಮಳ.
ರಿಯೊಗೊಕು ಸ್ಟೇಷನ್ನಿನಲ್ಲಿ ತೂಕಡಿಸುವ ಮುದುಕಿ
ಕಣ್ಣು ಬಿಡದೆಯೇ ಹೇಳುತ್ತಾಳೆ, ಸುಮೋದವರು ಹತ್ತಿದರು ಅಂತ.
ನನ್ನ ಹೆಂಡತಿ ನನ್ನ ದಿಂಬಿನ ಗವಸನ್ನು
ಇವತ್ತಿಗೂ ಬೇರೆಯೇ ಒಗೆಯುತ್ತಾಳೆ.

ನೀನು ಬಂದಾಗ ಹದಿನೈದು.
ಅಒಮೊರಿಯ ಮೀನುದೋಣಿಯವರ ಹುಡುಗ, ತಲೆಯೆಂದರೆ ಮುಳ್ಳುಹಂದಿ.
ವರ್ಷ ಕಾಯಬೇಕು ಅಂದಿದ್ದಕ್ಕೆ ಬಚ್ಚಲಲ್ಲಿ ಅತ್ತೆಯಂತೆ.
ಜುಟ್ಟು ಕಟ್ಟಿದ ಮೊದಲ ದಿನ
ಅಡುಗೆ ಸರದಿ ನಿನ್ನದು; ಪಾತ್ರೆಯ ಮುಚ್ಚಳದಲ್ಲಿ
ನಿನ್ನನ್ನೇ ನೋಡಿಕೊಳ್ಳುತ್ತ ನಿಂತೆ,
ಮೂವತ್ತು ಜನರ ಸಾರು ತಳ ಹಿಡಿಯಿತು.

ಸಣ್ಣ ಹಲ್ಲಿನ ಬಾಚಣಿಗೆಗೆ ಇವತ್ತೂ ಮಣ್ಣು ಸಿಕ್ಕಿತು ನೋಡು.
ಅಖಾಡದ್ದು.
ನೀನು ಕೊನೆಯ ಸಲ ಬಿದ್ದು ಮೂರು ವಾರವಾಯಿತಲ್ಲ?

ಇನ್ನು ಮಾತಾಡಲಾರೆ. ದಾರದ ತುದಿ ಹಲ್ಲಿನಲ್ಲಿದೆ.
ಕಾಗದ ಹೊಸೆದ ದಾರ, ನಲವತ್ತೆರಡು ವರ್ಷ ಕಚ್ಚಿ ಕಚ್ಚಿ
ಮುಂದಿನ ಹಲ್ಲಿಗೊಂದು ಕಾಲುವೆ ಬಿದ್ದಿದೆ,
ಚಳಿಗಾಲದಲ್ಲಿ ಚಹಾ ಅಲ್ಲಿಂದಲೇ ಚುಚ್ಚುತ್ತದೆ.
ಎಳೆಯುತ್ತೇನೆ. ನಿನ್ನ ಹುಬ್ಬು ಮೇಲೇರುತ್ತದೆ,
ಹುಟ್ಟಿದಂದಿನಿಂದ ಆಶ್ಚರ್ಯಪಡುತ್ತಲೇ ಇದ್ದವನ ಹಾಗೆ.

ಮೇಲಿನ ಎರಡು ದರ್ಜೆಯವರಿಗೆ ಮಾತ್ರ
ಜುಟ್ಟಿನ ತುದಿಯನ್ನು ಗಿಂಕೊ ಎಲೆಯಾಗಿ ಬಿಡಿಸುತ್ತೇವೆ.
ಉಳಿದವರದು ಮಡಚಿ ಕಟ್ಟಿದ್ದು, ಅಷ್ಟೆ.
ನೀನು ಮೂರನೆಯದರ ನಡುಮೆಟ್ಟಿಲ ತನಕ ಹತ್ತಿದೆ. ಆಮೇಲೆ ಮಂಡಿ.
ಹೊಟ್ಟೆಗೆ ಹಿಟ್ಟು ಬೇಕಾದಷ್ಟಿತ್ತು,
ಜುಟ್ಟಿಗೆ ಎಲೆಯೊಂದೇ ಇರಲಿಲ್ಲ.

ಬಿಟ್ಟುಹೋಗುವ ದಿನ ಮಾತ್ರ ಎಲ್ಲರಿಗೂ ಉಂಟು:
ಕತ್ತರಿಸುವುದಕ್ಕೆಂದೇ ಕಟ್ಟುವ ಜುಟ್ಟು.
ಮೊನಚು ಕಡ್ಡಿಯಿಂದ ಬದಿಗಳನ್ನು ಉಬ್ಬಿಸುತ್ತೇನೆ,
ತುದಿಯನ್ನು ಬೀಸಣಿಗೆಯ ಹಾಗೆ ಹರಡುತ್ತೇನೆ,
ಒಂದೊಂದು ಎಳೆಗೂ ಅದರ ಜಾಗ ಹೇಳುತ್ತೇನೆ.
ದೊಡ್ಡ ದರ್ಜೆಯವರಿಗೆ ಹದಿನೈದೇ ನಿಮಿಷ.
ನಿನಗೆ ನಲವತ್ತು ತೆಗೆದುಕೊಂಡೆ.

ಕನ್ನಡಿ ಕೊಟ್ಟರೆ ನೀನು ನೋಡಲಿಲ್ಲ.
ಹಿಂದಿನಿಂದ ಒಂದು ಫೋಟೋ ತೆಗೆಯಿರಿ ಅಂದೆ,
ಫೋನು ನನ್ನ ಕೈಗೆ ಅಂಟಿತು, ಮೇಣ.

*

ಕೆಳಗೆ ಎಂಬತ್ತು ಜನ ಸಾಲಾಗಿ ಬಂದರು,
ತರಕಾರಿಯವನು, ದಂತವೈದ್ಯ, ಶಾಲೆಯ ಮಾಸ್ತರು,
ಒಬ್ಬೊಬ್ಬರೂ ನಾಲ್ಕೈದು ಎಳೆ. ಅಮ್ಮನ ಸರದಿಗೆ
ಕತ್ತರಿ ಬಾಯಿ ತೆರೆಯಿತು, ಮುಚ್ಚಲಿಲ್ಲ;
ಎಳೆ ಮುಟ್ಟಿ ಬೆರಳು ಮೂಸಿಕೊಂಡು ಇಳಿದುಹೋದರು.
ಕೊನೆಯದು ಗುರುಗಳದು. ಒಂದೇ ಸದ್ದು.
ಎಲೆ ಪೆಟ್ಟಿಗೆಗೆ ಹೋಯಿತು, ಒಂದು ಎಳೆಯೂ ಕದಲದೆ.

ಒಂಬತ್ತು ದಿನವಾದ ಮೇಲೆ ಫೋನು ಮಾಡಿದೆ,
ಯಾವುದೋ ಔಷಧಿ ಅಂಗಡಿಯಿಂದ.
ಪಾತ್ರೆ ತೊಳೆಯುವ ಸೋಪಿನಲ್ಲಿ ಮೂರು ಸಲ ತೊಳೆದೆ,
ವಾಸನೆ ಹೋಗುತ್ತಿಲ್ಲ ಅಂದೆ.
ನಾಳೆ ಲಾರಿ ಕಂಪನಿಯ ಸಂದರ್ಶನ,
ಇಲ್ಲಿ ಜೆಲ್ ಇದೆ, ಸ್ಪ್ರೇ ಇದೆ, ಮ್ಯಾಟ್ ವ್ಯಾಕ್ಸ್ ಅಂತೊಂದಿದೆ,
ಸಹಜವಾಗಿ ಕಾಣುತ್ತದಂತೆ,
ಯಾವುದು ತಗೊಳ್ಳಲಿ?

ನಾನೇನು ಹೇಳಲಿ, ಇಸೊಮಿನೆ.
ಮೂವತ್ತಕ್ಕೇ ಬೋಳಾದ ತಲೆ ನನ್ನದು,
ಆ ಸಾಲಿನ ಮುಂದೆ ಒಮ್ಮೆಯೂ ನಿಂತವನಲ್ಲ.
ಮುಚ್ಚಳ ತೆಗೆದು ಮೂಸು ಅಂದೆ.
ನೀನು ಒಂದೊಂದೇ ಮೂಸುವುದು ಕೇಳಿಸುತ್ತಿತ್ತು.